ಸೊನ್ನೆ ಸಾಗಿಸುವವನ ಸಂದರ್ಶನ

ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು ಕೊಕ್ಕಡದ ರಸ್ತೆ ಹಿಡಿದರೆ ಮಳೆಗಾಲದಲ್ಲಿ ಕಾಣುವುದು ಎರಡೇ: ಸೊಂಟಕ್ಕೆ ಪ್ಲಾಸ್ಟಿಕ್ ಲಂಗ ಉಟ್ಟು ನಿಂತ ರಬ್ಬರ್ ಮರಗಳು, ಸೌತಡ್ಕದ ಗಣಪತಿಯನ್ನು ನೋಡಲು ಹೊರಟ ಕಾರುಗಳು. ಆ ಸಾಲಿನಲ್ಲಿ 1997ರ ನಮ್ಮ ಮಾರುತಿ 800 ಕೂಡ ಇತ್ತು. ಓಡುವಾಗ ಏನೂ ತೊಂದರೆಯಿಲ್ಲ. ನಿಂತರೆ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. ಪೇಟೆಯಲ್ಲಿ ಬಸ್ಸಿಗೆ ದಾರಿ ಬಿಡಲು ಕ್ಲಚ್ ಒತ್ತಿದೆ, ಆಫ್! ಮೂರು ವರ್ಷದಲ್ಲಿ ಪ್ಲಗ್ಗು, ಪೆಟ್ರೋಲ್ ಪಂಪು ಎರಡೂ ಬದಲಾಗಿದ್ದವು. ನಡುಕ ಮಾತ್ರ ಹಾಗೇ ಇತ್ತು.

ಮತ್ತೆ ಗ್ಯಾರೇಜಿಗೆ ತಂದೆವು. ಮೆಕ್ಯಾನಿಕ್ ಬಾನೆಟ್ ಎತ್ತಿ, ಇಂಜಿನನ್ನು ಚಾಲೂ ಬಿಟ್ಟು ಚಾ ಕುಡಿಯಲು ಹೋದರು. ಒಳಗಿನಿಂದ ‘ಸುಯ್’ ಎಂಬ ಸಣ್ಣ ಸದ್ದು ಬಂತು. ಬಗ್ಗಿ ನೋಡಿದರೆ ಕಿರುಬೆರಳಿಗಿಂತ ತೆಳ್ಳಗಿನ ಕಪ್ಪು ವ್ಯಾಕ್ಯೂಮ್ ಪೈಪು. ಮಾತಿಗೆ ಕಾದು ಕೂತಂತಿತ್ತು.

ಮೊದಲು ತಮ್ಮ ಪರಿಚಯ?

ಎಂತ ಪರಿಚಯ ಮಾರಾಯ್ರೆ! ಬಾನೆಟ್ ತೆಗೆದವರು ಬ್ಯಾಟರಿ ನೋಡ್ತಾರೆ, ಆಯಿಲ್ ಕಡ್ಡಿ ಎಳೀತಾರೆ, ರೇಡಿಯೇಟರಿಗೆ ನೀರು ಹೊಯ್ತಾರೆ. ನನ್ನನ್ನು ಮಾತಾಡಿಸಿದ್ದು ನೀವೇ ಮೊದಲು. ನನ್ನ ಒಂದು ತುದಿ ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಇನ್ನೊಂದು ಸೊಲೆನಾಯ್ಡಿಗೆ. ನನ್ನ ತಮ್ಮ ಡಿಸ್ಟ್ರಿಬ್ಯೂಟರಿನಲ್ಲಿ ಕೆಲಸಕ್ಕಿದ್ದಾನೆ.

ನಿಮ್ಮೊಳಗೆ ಹರಿಯುವುದು ಪೆಟ್ರೋಲೋ, ನೀರೋ?

ಎರಡೂ ಅಲ್ಲ, ಸೊನ್ನೆ. ಪೂರಾ ಸೊನ್ನೆ ಅಲ್ಲ ಅನ್ನಿ. ಹೊರಗಿನ ಗಾಳಿಯ ಒತ್ತಡ ಪಾದರಸದ ಲೆಕ್ಕದಲ್ಲಿ 760 ಮಿಲಿಮೀಟರ್. ಇಂಜಿನ್ ಆರೋಗ್ಯವಾಗಿದ್ದು ನಿಂತಲ್ಲೇ ತಿರುಗ್ತಾ ಇದ್ದರೆ ನನ್ನೊಳಗೆ ಅದಕ್ಕಿಂತ 450ರಿಂದ 550 ಕಡಿಮೆ. ಪಿಸ್ಟನ್ ಕೆಳಗೆ ಇಳಿದು ಗಾಳಿ ಬೇಕು ಅಂತದೆ, ಥ್ರಾಟಲ್ ಬಾಗಿಲು ಹಾಕಿಕೊಂಡು ಇಲ್ಲ ಅಂತದೆ. ಅಲ್ಲಿ ಒಂದು ಹಸಿವು ಹುಟ್ಟುತ್ತದಲ್ಲ, ಅದನ್ನು ಸಾಗಿಸುದು ನನ್ನ ಉದ್ಯೋಗ.

ಹಸಿವಿನಿಂದ ಎಂಥ ಕೆಲಸ ಆದೀತು?

1657ರಲ್ಲಿ ಜರ್ಮನಿಯ ಮಾಗ್ಡೆಬರ್ಗಿನಲ್ಲಿ ಒಟ್ಟೊ ಫಾನ್ ಗೆರಿಕ್ ಎಂಬವರು ತಾಮ್ರದ ಎರಡು ಅರ್ಧಗೋಳಗಳನ್ನು ಬಾಯಿಗೆ ಬಾಯಿ ಕೂಡಿಸಿ ಒಳಗಿನ ಗಾಳಿ ತೆಗೆದರು. ಎರಡು ಕಡೆಯಿಂದಲೂ ಕುದುರೆ ಕಟ್ಟಿ ಎಳೆಸಿದರು, ಬಿಡಲಿಲ್ಲ. ನಮ್ಮ ಕಂಬಳದ ಕೋಣಗಳನ್ನು ಕಟ್ಟಿದ್ದರೂ ಕತೆ ಅಷ್ಟೇ. ಅದೇ ಶಕ್ತಿಯಿಂದ ನನ್ನ ತಮ್ಮ ಡಿಸ್ಟ್ರಿಬ್ಯೂಟರಿನ ಡಯಾಫ್ರಂ ಎಳೆದು, ಕಿಡಿ ಹೊತ್ತಿಗೆ ಸ್ವಲ್ಪ ಮೊದಲೇ ಹಾರುವ ಹಾಗೆ ಮಾಡ್ತಾನೆ. ಅವನು ಒಡೆದರೆ ಕಿಡಿ ತಡ, ಇಂಜಿನ್ ಬಿಸಿ, ಮೈಲೇಜ್ ಖೋತಾ. ನನ್ನದು ಎ.ಸಿ. ಹಾಕಿದಾಗಿನ ಚಾಕರಿ. ಇಂಜಿನ್ ಭಾರಕ್ಕೆ ಕುಸಿಯದ ಹಾಗೆ ಥ್ರಾಟಲನ್ನು ಕೂದಲೆಳೆಯಷ್ಟು ತೆರೆಸ್ತೇನೆ.

ನಡುವೆ ಈ ಸೊಲೆನಾಯ್ಡ್ ಯಾಕೆ?

ಅವನು ಬಾಗಿಲು ಕಾಯುವವ. ಕೈಗೆ ಹನ್ನೆರಡು ವೋಲ್ಟ್ ಬಿದ್ದರೆ ‘ಟಕ್’ ಅಂತ ಬಾಗಿಲು ತೆಗೀತಾನೆ, ಬೀಳದಿದ್ದರೆ ಇಲ್ಲ. ಇಂಥವರು ಕಚೇರಿಗಳಲ್ಲೂ ಇದ್ದಾರಂತೆ. ಆದರೆ ಇವನ ರೇಟು ಹುಟ್ಟಿದಂದಿನಿಂದ ಹನ್ನೆರಡೇ, ಒಂದು ಪೈಸೆ ಏರಿಸಲಿಲ್ಲ. ಮಳೆಗೆ ಟರ್ಮಿನಲ್ ತುಕ್ಕು ಹಿಡಿದು ಕರೆಂಟು ಮುಟ್ಟದಿದ್ದರೆ ಅವನಾದರೂ ಎಂತ ಮಾಡ್ತಾನೆ? ಮೊದಲು ವಯರು ನೋಡಿ, ಅರ್ತ್ ನೋಡಿ, ಮತ್ತೆ ಬೈಯಿರಿ. ಹಾಗಂತ ‘ಟಕ್’ ಕೇಳಿದ ಕೂಡಲೇ ನಂಬಬೇಡಿ. ಒಳಗೆ ಕಸ ಸಿಕ್ಕಿದರೆ ದಾರಿ ಬಿಡುದಿಲ್ಲ, ಬಾಯಲ್ಲಿ ಊದಿ ನೋಡಬೇಕು. ಸದ್ದು ಮಾತ್ರ ಮಾಡಿ ಕೆಲಸ ಮಾಡದವರೂ ಇರ್ತಾರೆ.

ಸುತ್ತಮುತ್ತ ಇಷ್ಟು ರಬ್ಬರ್ ತೋಟ ಇದ್ದೂ ನೀವು ಒಣಗಿ ಸೀಳಿದ್ದು ಹೇಗೆ?

ಅವರು ನನಗೆ ನೆಂಟರಲ್ಲ. ಮರದ ಹಾಲಿನ ರಬ್ಬರಿಗೆ ಆಯಿಲ್, ಪೆಟ್ರೋಲ್ ಆಗುದಿಲ್ಲ, ಉಬ್ಬಿಹೋಗ್ತದೆ. ನಾನು ಕಾರ್ಖಾನೆಯ ನೈಟ್ರೈಲ್. ಆದರೆ ಇಬ್ಬರಿಗೂ ಸಂಸ್ಕಾರ ಒಂದೇ, 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಗಂಧಕದ ಪಾಕ. ಗಂಧಕ ಸೇರಿಸಿ ಬೇಯಿಸಿದರೆ ಒಳಗಿನ ಎಳೆಗಳು ಒಂದಕ್ಕೊಂದು ಕೈ ಹಿಡೀತವೆ. ಹಾಗಾಗಿ ಎಷ್ಟು ಎಳೆದರೂ ಮೊದಲಿನ ಹಾಗೇ ಆಗ್ತೇವೆ. ಬಾನೆಟ್ ಅಡಿಯಲ್ಲಿ ವರ್ಷಗಟ್ಟಲೆ ಬೆಂದರೆ ಈ ಕೈ ಹಿಡಿಯುದು ನಿಲ್ಲುದೇ ಇಲ್ಲ. ಎಲ್ಲರೂ ಎಲ್ಲರ ಕೈ ಹಿಡಿದ ಮೇಲೆ ಯಾರಿಗೂ ಅಲುಗಾಡ್ಲಿಕ್ಕೆ ಆಗುದಿಲ್ಲ. ಮೂವತ್ತು ವರ್ಷ ಅದೇ ಜನ ಕೂತ ಸಮಿತಿ ನೋಡಿದ್ದೀರಲ್ಲ? ನೋಡ್ಲಿಕ್ಕೆ ಗಟ್ಟಿ, ಬಗ್ಗಿಸಿದರೆ ಪಟಕ್. ಬಗ್ಗಿದ ಜಾಗದಲ್ಲಿ ಗಾಳಿಯ ಓಜೋನ್ ಬೇರೆ ಸೀಳು ಹಾಕ್ತದೆ.

ಕೂದಲಿನಷ್ಟು ಸೀಳಿಗೆ ಇಡೀ ಕಾರು ನಡುಗಬೇಕೇ?

ಇಲ್ಲಿ ಸೋರುದು ಹೊರಗಲ್ಲ, ಒಳಗೆ. ಕಾರ್ಬ್ಯುರೇಟರ್ ತನ್ನ ಬಾಗಿಲಿನಿಂದ ಬಂದ ಗಾಳಿಯನ್ನು ಎಣಿಸಿ ಪೆಟ್ರೋಲ್ ಬಡಿಸ್ತದೆ. ಹಿಂದಿನ ಬಾಗಿಲಲ್ಲಿ ನುಗ್ಗಿ ಪಂಕ್ತಿಯಲ್ಲಿ ಕೂತವರಿಗೆ ಎಲ್ಲಿಂದ ಬಡಿಸುದು? ಸಾರಿಗೆ ನೀರು ಹೊಯ್ದ ಹಾಗೆ ಆಗ್ತದೆ. ಓಡುವಾಗ ಜಾತ್ರೆಯ ಊಟ, ನಾಲ್ಕು ಜನ ಹೆಚ್ಚಾದರೆ ಗೊತ್ತಾಗುದಿಲ್ಲ. ನಿಂತಾಗ ಮನೆಯ ಊಟ, ನಾಲ್ಕು ಜನ ಹೆಚ್ಚಾದರೆ ಅನ್ನವೇ ಇಲ್ಲ.

ಚಿಕಿತ್ಸೆ ನಡೆದಿತ್ತಲ್ಲ?

ಹೌದೌದು! ಮೊದಲ ವರ್ಷ ಐಡಲ್ ಸ್ಕ್ರೂ ಕಾಲು ಸುತ್ತು ಬಿಗಿದರು. ಎರಡನೇ ವರ್ಷ ಇನ್ನು ಅರ್ಧ. ಮೂರನೇ ವರ್ಷ ಪೆಟ್ರೋಲ್ ಜಾಸ್ತಿ ಬರಲಿ ಅಂತ ಮಿಕ್ಸ್ಚರ್ ಸ್ಕ್ರೂವಿಗೂ ಕೈ ಹಾಕಿದರು. ಸೋರುವಲ್ಲಿ ಮುಚ್ಚುವ ಬದಲು ಸುರಿಯುದನ್ನು ಹೆಚ್ಚು ಮಾಡಿದರು. ಈ ಮದ್ದು ಕಾರಿಗೆ ಮಾತ್ರ ಅಂತ ತಿಳೀಬೇಡಿ. ಏಪ್ರಿಲಿನಲ್ಲಿ ಊರಿನ ನೀರಿನ ಪೈಪು ಒಡೆದರೆ ಪಂಪು ಎರಡು ಗಂಟೆ ಜಾಸ್ತಿ ಬಿಡುದು ನೋಡಿಲ್ವಾ? ಮಾರ್ಗದ ಚರಂಡಿ ಕಟ್ಟಿದರೆ ಡಾಮರಿನ ಮೇಲೆ ಡಾಮರು ಹಾಕುದು?

ನಿಮಗೇ ಪಟ್ಟಿ ಕಟ್ಟಲಿಲ್ಲವೇ?

ಕಟ್ಟಿದರು. ಇನ್ಸುಲೇಶನ್ ಟೇಪು ಬಿಸಿಗೆ ಅಂಟು ಕರಗಿ ಜಾರಿತು. ಮತ್ತೆ ನನ್ನ ತಮ್ಮನ ಜಾಗಕ್ಕೆ ಆಸ್ಪತ್ರೆಯ ಗ್ಲೂಕೋಸ್ ಪೈಪು ಬಂತು. ಎರಡೇ ದಿನ. ಬಿಸಿಗೆ ಮೆತ್ತಗಾಗಿ, ಒಳಗಿನ ಎಳೆತಕ್ಕೆ ಕೆನ್ನೆ ಬತ್ತಿ ಬಾಯಿ ಮುಚ್ಚಿತು. ಪಾಪ, ಹನಿ ಹನಿ ಕೊಡಲು ಹುಟ್ಟಿದ್ದಕ್ಕೆ ಎಳೆಯುವ ಕೆಲಸ ಎಲ್ಲಿಂದ ಬರಬೇಕು?

ಹಾಗಾದರೆ ಸರಿಯಾದ ಕ್ರಮ?

ಸೋರುವ ಜಾಗ ಹುಡುಕ್ಲಿಕ್ಕೆ ಕೆಲವರು ಪೆಟ್ರೋಲ್ ಚಿಮುಕಿಸ್ತಾರೆ. ಬಿಸಿ ಇಂಜಿನಿನ ಮೇಲೆ ಅದು ಹೋಮ! ಎರಡು ಹನಿ ನೀರು ಬಿಡಿ ಸಾಕು. ಸೀಳು ನೀರು ಕುಡಿದ ಕೂಡಲೇ ಸದ್ದು ಬದಲಾಗ್ತದೆ. ಒಂದು ಸರ್ತಿಗೆ ಒಂದೇ ಪೈಪು ಬಿಚ್ಚಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಯಾರ ತಲೆ ಯಾರ ಕಾಲಿಗೆ ಅಂತ ದೇವರಿಗೇ ಗೊತ್ತು. ಒಣಗಿದ್ದನ್ನು ಜಗ್ಗಬೇಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆ ಹಾಗೆ ಬಿಡಿಸಿ. ಪೈಪು ಅಂಗಡಿಯಲ್ಲಿ ಸಿಕ್ತದೆ, ಅದು ಕೂತ ಪ್ಲಾಸ್ಟಿಕ್ ಮೂತಿ ಮುರಿದರೆ ಸಿಗುದು ಕಷ್ಟ. ಒಳಗಿನ ಅಳತೆ ಸರಿ ಇರಲಿ. ದೊಡ್ಡದು ತಂದು ತಂತಿ ಸುತ್ತಬೇಡಿ. ಸಿಲಿಕೋನ್ ಬಿಸಿ ತಡೀತದೆ, ಆದರೆ ಪೆಟ್ರೋಲ್ ಹೋಗುವಲ್ಲಿ ಬೇಡ. ಹೊಸ ಪೈಪಿನ ಒಂದು ತುದಿ ಬೆರಳಲ್ಲಿ ಮುಚ್ಚಿ, ಇನ್ನೊಂದು ತುದಿಯಿಂದ ಗಾಳಿ ಎಳೆದು ನಾಲಿಗೆಗೆ ಒತ್ತಿ ಬಿಡಿ. ನಾಲಿಗೆಗೆ ಕಚ್ಚಿಕೊಂಡು ನೇತಾಡಿದರೆ ಪೈಪಿನಲ್ಲಿ ತೂತಿಲ್ಲ.

ಧರ್ಮಸ್ಥಳ ಇಲ್ಲೇ ಹತ್ತಿರ. ಅಲ್ಲಿಯ ಹಳೆಯ ಕಾರುಗಳ ಸಂಗ್ರಹದಲ್ಲಿ ಸೇರುವ ಆಸೆ?

ಕಾರಿಗೆ ಜಾಗ ಸಿಕ್ಕೀತು, ನನಗಿಲ್ಲ. ಹಳೆ ಕಾರು ಹಳೆಯದಾಗಿಯೇ ಉಳಿಯಬೇಕಾದರೆ ಪೈಪು ಹೊಸದಾಗ್ತಾ ಇರಬೇಕು. ಅದಕ್ಕೆ ಬೇಸರ ಇಲ್ಲ. ಸೌತಡ್ಕದ ಗಣಪತಿ ಮಾಡು, ಗೋಡೆ ಯಾವುದೂ ಇಲ್ಲದೆ ಬಯಲಿನಲ್ಲೇ ಇದ್ದಾನೆ, ಸುತ್ತ ಹರಕೆಯ ಗಂಟೆಗಳು. ಕಾರು ಸರಿಯಾದರೆ ಗಂಟೆ ಕಟ್ಟಿಸ್ತೇವೆ ಅಂತ ನಿಮ್ಮ ಮನೆಯವರು ಹೇಳಿಕೊಂಡದ್ದು ನನಗೂ ಕೇಳಿದೆ. ಕಟ್ಟಿಸಿ. ಆದರೆ ಮೊದಲು ಒಂದು ಮೀಟರ್ ಪೈಪು ತನ್ನಿ. ವಿಘ್ನ ಎಲ್ಲಿ ಉಂಟು ಅಂತ ಗೊತ್ತಾದ ಮೇಲೂ ಅವನಿಗೇ ಬಿಡುದು ಸರಿಯಲ್ಲ.

ಕೊನೆಯದಾಗಿ?

ನನ್ನನ್ನು ತೆಗೆದ ಮೇಲೆ ಆ ಸ್ಕ್ರೂಗಳನ್ನು ಹಿಂದಕ್ಕೆ ತಿರುಗಿಸ್ಲಿಕ್ಕೆ ಹೇಳಿ. ಅದನ್ನೇ ಎಲ್ಲರೂ ಮರೆಯುದು. ಸೋರುದು ನಿಲ್ತದೆ, ಸುರಿಯುದು ನಿಲ್ಲುದಿಲ್ಲ ಮಾರಾಯ್ರೆ.

ಮೆಕ್ಯಾನಿಕ್ ಚಾ ಮುಗಿಸಿ ಬಂದರು. ಇಂಜಿನ್ ನಿಲ್ಲಿಸಿ, ನಾನು ತೋರಿಸಿದ ಪೈಪನ್ನು ಎರಡು ಬೆರಳಲ್ಲಿ ಬಗ್ಗಿಸಿದರೆ ಅದು ಹಪ್ಪಳದ ಹಾಗೆ ಮುರಿದು ಅವರ ಅಂಗೈಗೆ ಬಿತ್ತು. ಹೊಸ ಪೈಪು ಏರಿತು. ತುಕ್ಕು ತಿಂದ ಹಳಬನ ಜಾಗಕ್ಕೆ ಹೊಸ ಸೊಲೆನಾಯ್ಡ್ ಬಂದು ‘ಟಕ್’ ಎಂದಿತು. ಕೀ ತಿರುಗಿಸಿದರೆ ಇಂಜಿನ್ ನಡುಗಲಿಲ್ಲ, ಕಿರುಚಿತು.

“ಸ್ಕ್ರೂ,” ಎಂದೆ.

ಅವರು ಒಮ್ಮೆ ನನ್ನ ಮುಖ ನೋಡಿ, ತಲೆ ಓರೆ ಮಾಡಿ ಸದ್ದು ಕೇಳುತ್ತಾ ಮೂರು ವರ್ಷದ ಬಿಗಿತವನ್ನೆಲ್ಲ ಒಂದೊಂದೇ ಕಾಲು ಸುತ್ತಿನಂತೆ ಬಿಚ್ಚಿದರು. ಕಾರು ತಣ್ಣಗೆ ಗುನುಗತೊಡಗಿತು. ಚೀಟಿಯಲ್ಲಿ ಪೈಪು, ಸೊಲೆನಾಯ್ಡ್, ಮಜೂರಿ ಇತ್ತು.

“ಸ್ಕ್ರೂ ಬಿಚ್ಚಿದ್ದಕ್ಕೆ ಎಷ್ಟು?” ಎಂದು ಕೇಳಿದೆ.

“ಅದಕ್ಕೆಂತ ಸರ್,” ಎಂದರು ಕೈ ಒರೆಸಿಕೊಳ್ಳುತ್ತಾ, “ಬಿಗಿಯುವಾಗ ತೆಗೊಂಡಾಗಿದೆ ಅಲ್ವಾ.”