ಕೆನ್ನೆಯ ಒಳಗಿನ ಬಿಳಿ ಗೆರೆ

ಅಲ್ಲ ಕಣ್ರೀ, ನಿಮ್ಮ ಓರಗಿತ್ತಿ ಇನ್ನೂ ಮೊಸರನ್ನದಲ್ಲೇ ಇದ್ದಾರಾ? ಮೊನ್ನೆ ಗಾಂಧಿ ಬಜಾರಿನಲ್ಲಿ ಸಿಕ್ಕಿದ್ದರು. ಮುಖ ಸೊರಗಿಹೋಗಿದೆ. ಬನಶಂಕರಿಯ ಆ ಮನೆಯಲ್ಲಿ ದಿನಾ ಎಲ್ಲರಿಗೂ ಹುಳಿ, ಗೊಜ್ಜು ಮಾಡಿ ಬಡಿಸೋದು ಅವರೇ, ಒಂದು ತುತ್ತು ಬಾಯಿಗಿಟ್ಟರೆ ಬಾಯೆಲ್ಲ ಉರಿದು ಕಣ್ಣಲ್ಲಿ ನೀರು ಬರೋದೂ ಅವರಿಗೇ. ಉಷ್ಣ ಅಂತ ಗಸಗಸೆ-ಒಣಕೊಬ್ಬರಿ ಜಗಿದಿದ್ದಾಯ್ತು, ಜಾಜಿ ಎಲೆ ಆಯ್ತು, ಬಿ-ಕಾಂಪ್ಲೆಕ್ಸ್ ಮಾತ್ರೆ ಆಯ್ತು. ಈಗ ಎಲ್ಲಾ ಆ ಕೋವಿಡ್ ಇಂಜೆಕ್ಷನ್ನಿಂದಲೇ ಅಂತ ತೀರ್ಮಾನ ಮಾಡಿಕೊಂಡುಬಿಟ್ಟಿದ್ದಾರೆ.

"ಅದಕ್ಕೇ ಫ್ಲೂ ಇಂಜೆಕ್ಷನ್ ಬೇಡವೇ ಬೇಡ ಅಂದುಬಿಟ್ಟರು. ಶುಗರ್ ಇದೆ, ಹಾಕಿಸಿಕೊಳ್ಳಿ ಅಂತ ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ನೀವಾದರೂ ಹೇಳಿ ಟೀಚರ್."

ಹೇಳ್ತೀನಿ. ಆದರೆ ನಿಮ್ಮನೆಯವರು ಗದರಿದ ಹಾಗೆ ನೀವೂ ಓರಗಿತ್ತಿಯನ್ನ ಗದರಬೇಡಿ. ಅವರ ಉರಿ ಸುಳ್ಳಲ್ಲ.

ಕೆನ್ನೆಯ ಒಳಗೆ ಎರಡೂ ಕಡೆ ಬಿಳಿ ಗೆರೆ, ಕಸೂತಿ ಹಾಕಿದ ಹಾಗಿದೆ ಅಂದ್ರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ. ಲೈಕನ್ ಪ್ಲೇನಸ್ ಅಂತ ಒಂದಿದೆ. ಇಂಗ್ಲೆಂಡಿನ ಎರಾಸ್ಮಸ್ ವಿಲ್ಸನ್ 1869ರಲ್ಲೇ ಆ ಹೆಸರಿಟ್ಟದ್ದು, ಅಂದರೆ ಕೋವಿಡ್ಡಿಗಿಂತ ನೂರೈವತ್ತು ವರ್ಷ ಹಳೇದು. ಸೋಂಕಿನ ಮೇಲೆ ಹೋರಾಡಬೇಕಾದ ನಮ್ಮ ರಕ್ತದ ಟಿ ಕಣಗಳು ಚರ್ಮದ, ಬಾಯಿಯ ಒಳಪದರದ ತಳದ ಜೀವಕೋಶಗಳ ಮೇಲೇ ತಿರುಗಿಬೀಳುತ್ತವೆ. ಮಣಿಕಟ್ಟಿನಲ್ಲಿ ಬಂದರೆ ನೇರಳೆ ಬಣ್ಣದ ಚಪ್ಪಟೆ ಗುಳ್ಳೆ, ವಿಪರೀತ ತುರಿಕೆ. ಚರ್ಮದ್ದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಆರುತ್ತೆ, ಬಾಯಿಯದ್ದು ವರ್ಷಗಟ್ಟಲೆ ಕಾಡುತ್ತೆ. ನಡುವಯಸ್ಸಿನ ಹೆಂಗಸರಲ್ಲೇ ಹೆಚ್ಚು. ಅಂಟುರೋಗ ಅಲ್ಲ ರೀ, ಅದನ್ನ ಮೊದಲು ನಿಮ್ಮ ಅತ್ತೆಯವರಿಗೆ ಹೇಳಿ. ಓರಗಿತ್ತಿಯ ಲೋಟ ಬೇರೆ ಇಟ್ಟಿದ್ದಾರೆ ಅಂತ ಕೇಳಿ ನನಗೆ ತುಂಬಾ ಬೇಜಾರಾಯ್ತು.

ಲಸಿಕೆ ಆದಮೇಲೆ ಇದು ಬಂದದ್ದುಂಟಾ? ಉಂಟು. ಕೋವಿಡ್ ಲಸಿಕೆ ಹಾಕಿಸಿಕೊಂಡ ಕೆಲವರಲ್ಲಿ ಕಂಡಿದ್ದನ್ನ ಬೇರೆಬೇರೆ ದೇಶದ ವೈದ್ಯರು ಬರೆದಿದ್ದಾರೆ, ಹೆಪಟೈಟಿಸ್ ಬಿ ಲಸಿಕೆಯ ನಂತರವೂ ಹಿಂದೆ ಬರೆದಿದ್ದರು. ಕೋವಿಡ್ ಜ್ವರದ ನಂತರ ಬಂದದ್ದೂ ಇದೆ. ನಿಮ್ಮ ಓರಗಿತ್ತಿಗೆ ಮೂರನೇ ಅಲೆಯಲ್ಲಿ ಜ್ವರ ಬಂದಿತ್ತಲ್ಲ, ಅದಾಗಿ ಬೂಸ್ಟರ್, ಆಮೇಲೆ ಬಾಯಿ. ಜ್ವರ ಮರೆತುಹೋಗಿದೆ, ಇಂಜೆಕ್ಷನ್ ಮಾತ್ರ ನೆನಪಿದೆ. ನಮ್ಮ ದೇಶದಲ್ಲಿ 2022ರ ಜುಲೈ 17ಕ್ಕೆ 200 ಕೋಟಿ ಡೋಸ್ ದಾಟಿತ್ತು. ಅಷ್ಟು ಡೋಸ್ ಹಾಕಿಸಿಕೊಂಡವರಲ್ಲಿ, ಈ ರೋಗ ಹೇಗೂ ಬರುವ ವಯಸ್ಸಿನವರು ಎಷ್ಟಿರಲ್ಲ! ಕೆಲವರಿಗೆ ಲಸಿಕೆಯೇ ಕೆರಳಿಸಿರಬಹುದು, ಕೆಲವರಿಗೆ ವೈರಸ್ಸು, ಇನ್ನು ಕೆಲವರಿಗೆ ಎರಡೂ ಅಲ್ಲ. ಒಬ್ಬರ ಬಾಯಿ ನೋಡಿ ಇದರಿಂದಲೇ ಅಂತ ಹೇಳೋಕೆ ಯಾವ ಪರೀಕ್ಷೆಯೂ ಇಲ್ಲ.

ವೈರಸ್ಸು ಒಂದೇ ಎಷ್ಟು ಮಾಡಬಲ್ಲದು ಅನ್ನೋದಕ್ಕೆ 2006ರ ಚಿಕೂನ್‌ಗುನ್ಯಾ ನೆನಪು ಮಾಡಿಕೊಳ್ಳಿ. ಕರ್ನಾಟಕದಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ. ಎಲ್ಲರೂ ಕೀಲುನೋವು ಮಾತ್ರ ಹೇಳ್ತಾರೆ. ಎಷ್ಟು ಜನಕ್ಕೆ ಜ್ವರ ಬಿಟ್ಟಮೇಲೆ ಮೂಗಿನ ಮೇಲೆ ಕಪ್ಪು ಕಟ್ಟಿತ್ತು, ಬಾಯಿಹುಣ್ಣು ಎದ್ದಿತ್ತು! ವಿಜಯಪುರದ ಬಿಎಲ್‌ಡಿಇ ವೈದ್ಯಕೀಯ ಕಾಲೇಜಿನ ಚರ್ಮವೈದ್ಯರು 145 ರೋಗಿಗಳನ್ನ ನೋಡಿ 2008ರಲ್ಲಿ ಪ್ರಕಟಿಸಿದರು. ಚರ್ಮ ಕಪ್ಪಾಗೋದೇ ಅವರಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡಿತ್ತು. ಆಗ ಆ ಜ್ವರಕ್ಕೆ ಲಸಿಕೆಯೇ ಇರಲಿಲ್ಲ. ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿದ್ದೇ 2023ರಲ್ಲಿ, ಅಮೆರಿಕದಲ್ಲಿ.

"ಆದರೂ ಇಂಥದ್ದೆಲ್ಲ ಬಾಯಿಬಿಟ್ಟು ಹೇಳಿದರೆ ಜನ ಲಸಿಕೆಗೇ ಹೆದರಲ್ವಾ?"

ಮುಚ್ಚಿಟ್ಟರೆ ಇನ್ನೂ ಹೆದರ್ತಾರೆ ರೀ. ಮೈಸೂರು ರಾಣಿಯರ ಚಿತ್ರ ಕೇಳಿದ್ದೀರಾ? 1805ರದ್ದು, ಥಾಮಸ್ ಹಿಕಿ ಬರೆದದ್ದು ಅಂತಾರೆ. ಮೂರು ಜನ ಅರಮನೆ ಹೆಂಗಸರು. ಬಲಗಡೆಯಾಕೆ ಸೆರಗು ಸರಿಸಿ ತೋಳು ತೋರಿಸ್ತಾ ಇದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸ್ತಿರೋದು ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆ ಹಾಕಿದ ಜಾಗ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದ. ಎಡಗಡೆಯಾಕೆಯ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮ ಬಣ್ಣಗೆಟ್ಟಿದೆ. ಅದು ಹಳೇ ಪದ್ಧತಿಯ ಗುರುತು, ಸಿಡುಬಿನ ಹಕ್ಕಳೆಯನ್ನ ಪುಡಿ ಮಾಡಿ ಮೂಗಿಗೇರಿಸುತ್ತಿದ್ದರಲ್ಲ, ಅದರದ್ದು ಅಂತಲೂ ಅವರದೇ ವಾದ. ಲಸಿಕೆ ಹಾಕಿಸಿಕೊಳ್ಳಿ ಅಂತ ಜನಕ್ಕೆ ಹೇಳೋಕೆ ಬರೆಸಿದ ಚಿತ್ರ ಅದಾಗಿದ್ದರೆ, ಬಾಯಿಯ ಸುತ್ತಿನ ಗುರುತನ್ನ ಬಣ್ಣ ಬಳಿದು ಮುಚ್ಚಿಲ್ಲ ಅನ್ನೋದು ನನಗೆ ತುಂಬಾ ಹಿಡಿಸಿತು.

ಫ್ಲೂ ಲಸಿಕೆ ವಿಷಯ ಬಾಯಿ ನೋಡುವ ಡಾಕ್ಟರ ಹತ್ತಿರವೇ ಕೇಳೋಣ. ಶುಗರ್ ಇರೋವರಿಗೆ ಫ್ಲೂ ಬಂದರೆ ನ್ಯುಮೋನಿಯಾಕ್ಕೆ ತಿರುಗಬಹುದು, ಆ ಅಪಾಯ ಸಣ್ಣದಲ್ಲ. ಮೊದಲು ಬಾಯಿ ತೋರಿಸಬೇಕು. ಎರಡು ವಾರ ದಾಟಿದ ಯಾವ ಹುಣ್ಣನ್ನೂ ಮನೆಮದ್ದಿನಲ್ಲಿ ಕಳೆಯಬಾರದು. ಲೈಕನ್ ಪ್ಲೇನಸ್ಸೇ ಆಗಿದ್ದರೂ ಅಪರೂಪಕ್ಕೆ, ಸುಮಾರು ನೂರರಲ್ಲಿ ಒಬ್ಬರಿಗೆ, ವರ್ಷಗಳ ಮೇಲೆ ಕ್ಯಾನ್ಸರಿಗೆ ತಿರುಗೋದುಂಟು. ಅದಕ್ಕೇ ಬಯಾಪ್ಸಿ, ಆಮೇಲೂ ಆಗಾಗ ತಪಾಸಣೆ. ಉರಿಗೆ ಸ್ಟೆರಾಯ್ಡ್ ಮುಲಾಮು ಇದೆ, ಹಚ್ಚಿದರೆ ಬಹಳ ಜನ ಮತ್ತೆ ಊಟ ಮಾಡ್ತಾರೆ. ಜೆ.ಪಿ. ನಗರದ ಆರ್.ವಿ. ಡೆಂಟಲ್ ಕಾಲೇಜಿಗೆ ಹೋಗೋಣ. ಹಲ್ಲು ಕೀಳೋಕಲ್ಲ, ಬಾಯಿಯ ಒಳಗಿನ ರೋಗಕ್ಕೇ ಅಲ್ಲಿ ಬೇರೆ ವಿಭಾಗ ಇದೆ. ನಾನೂ ಜೊತೆಗೆ ಬರ್ತೀನಿ. ಅವರು ನುಂಗೋ ಬಿಪಿ, ಶುಗರ್ ಮಾತ್ರೆಗಳ ಚೀಟಿ ಮರೀದೆ ತರೋಕೆ ಹೇಳಿ. ಕೆಲವು ಮಾತ್ರೆ, ಹಲ್ಲಿಗೆ ತುಂಬಿಸಿದ ಬೆಳ್ಳಿ ಸಿಮೆಂಟು ಕೂಡ ಇದೇ ಥರ ಗೆರೆ ತರಿಸುತ್ತೆ. ಹಾಗಿದ್ದರೆ ಡಾಕ್ಟರು ಮಾತ್ರೆಯನ್ನೋ ಸಿಮೆಂಟನ್ನೋ ಬದಲಾಯಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತೆ.