ತಡೀರಿ ಕಾಕಾ

ಬೆಳಗಾವಿಯಲ್ಲಿ ಚೆನ್ನಮ್ಮ ವೃತ್ತ ದಾಟಿ ಕೋರ್ಟಿನ ಕಡೆ ಹೊರಳಿದರೆ ಸಾಲಾಗಿ ಅಂಗಡಿಗಳು. ಝೆರಾಕ್ಸ್, ಟೈಪಿಂಗ್, ಲ್ಯಾಮಿನೇಶನ್, ಬಾಂಡ್ ಪೇಪರ್, ನೋಟರಿ. ಈ ಅಂಗಡಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತವರಲ್ಲಿ ಎರಡು ಜಾತಿ. ಒಂದು ‘ಆತು, ತಗೋರಿ’ ಜಾತಿ. ಇನ್ನೊಂದು ‘ತಡೀರಿ’ ಜಾತಿ. ಮೊದಲ ಜಾತಿಯವರು ನೀವು ಅಜ್ಜನ ಹೆಸರು ಹೇಳಿ ಮುಗಿಸುವುದರೊಳಗೆ ಪ್ರಿಂಟ್ ತೆಗೆದು ಕೈಗಿಡುತ್ತಾರೆ. ಅದರಲ್ಲಿರುವ ಅಜ್ಜ ಮಾತ್ರ ಇನ್ನಾರದೋ ಅಜ್ಜನಾಗಿರುತ್ತಾನೆ. ಎರಡನೆಯ ಜಾತಿಯವರ ಕೈಯಲ್ಲಿ ಅಜ್ಜ ನಿಮ್ಮವನೇ ಆಗಿರುತ್ತಾನೆ, ಆದರೆ ಕಾಗದ ಕೈಗೆ ಬರುವಷ್ಟರಲ್ಲಿ ನೀವೇ ಅಜ್ಜ ಆಗಿರುತ್ತೀರಿ.

ನನ್ನ ಪಾಲಿಗೆ ಬಂದವರು ಎರಡನೆಯ ಜಾತಿಯವರು. ಹೆಸರು ಬೇಡ. ಗಿರಾಕಿಗಳು ಅವರನ್ನು ಕರೆಯುವುದೇ ‘ತಡೀರಿ ಕಾಕಾ’ ಎಂದು. ಮನೆ ಖಾನಾಪುರದಲ್ಲಿ, ಅಂಗಡಿ ಬೆಳಗಾವಿಯಲ್ಲಿ. ನಡುವೆ ಸುಮಾರು 26 ಕಿಲೋಮೀಟರ್. ದಿನಾ ಅಪ್-ಡೌನ್. ಮುಂಜಾನೆ ರೈಲು ಸಿಕ್ಕರೆ ರೈಲು, ಇಲ್ಲವಾದರೆ ಬಸ್ಸು. ದಾರಿಯಲ್ಲಿ ಬೇರೆಯವರು ನಿದ್ದೆ ಮಾಡುತ್ತಾರೆ, ಕಾಕಾ ಪೇಪರ್ ಓದುತ್ತಾರೆ. ಓದುತ್ತಾರೆ ಅಂದರೆ ಅಂಗಿಯ ಕಿಸೆಯಿಂದ ಕೆಂಪು ಬಾಲ್‌ಪೆನ್ ತೆಗೆದು ತಿದ್ದುತ್ತಾರೆ. ಮುಖ್ಯಮಂತ್ರಿ ಏನು ಹೇಳಿದರು ಎಂದು ಅವರನ್ನು ಕೇಳಬೇಡಿ, ಗೊತ್ತಿರುವುದಿಲ್ಲ. ಆ ಸುದ್ದಿಯಲ್ಲಿ ಎಷ್ಟು ಕಡೆ ಅಲ್ಪವಿರಾಮದ ಹಿಂದೆ ಜಾಗ ಬಿಟ್ಟಿದ್ದಾರೆ ಎಂಬುದು ಬಾಯಿಪಾಠ.

ಅವರ ಇತರ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೀಲಿಮಣೆಗೆ ಪ್ಲಾಸ್ಟಿಕ್ ಹೊದಿಕೆ. ಮೌಸ್ ಮುಟ್ಟುವುದು ಕಡಿಮೆ. ಪ್ರತಿ ವಾಕ್ಯಕ್ಕೊಮ್ಮೆ ಸೇವ್ ಒತ್ತುತ್ತಾರೆ, ಮಳೆಗಾಲದಲ್ಲಿ ವಾಕ್ಯಕ್ಕೆ ಎರಡು ಸಲ. ಬೆಳಗಾವಿಯ ಮಳೆ ಮತ್ತು ಇಲ್ಲಿನ ಕರೆಂಟು ಕಂಡವರಿಗೆ ಇದರ ಕಾರಣ ಹೇಳಬೇಕಿಲ್ಲ. ಕಡತಗಳಿಗೆ ಹೆಸರಿಡುವಾಗ ಮೊದಲು ಇಸವಿ, ಆಮೇಲೆ ತಿಂಗಳು, ಆಮೇಲೆ ತಾರೀಖು, ಕೊನೆಗೆ ಗಿರಾಕಿಯ ಊರು. ಹಂಗಿಟ್ಟರೆ ತಾವೇ ಸಾಲಾಗಿ ನಿಲ್ಲುತ್ತವೆ ಅನ್ನುತ್ತಾರೆ. ಲೇಖಕ ಎಂದು ಹೇಳಿಕೊಂಡು ತಿರುಗುವ ನನ್ನ ಕಂಪ್ಯೂಟರಿನಲ್ಲಿರುವ ಕಡತಗಳ ಹೆಸರು ‘ಹೊಸದು’, ‘ಹೊಸದು 2’, ‘ಇದೇ ಕೊನೆ’ ಮತ್ತು ‘ಇದೇ ಕೊನೆ ಖರೇ’.

ಕಾಕಾ ಈ ‘ತಡೀರಿ’ ವಿದ್ಯೆ ಕಲಿತದ್ದು ಟೈಪ್‌ರೈಟರ್ ಮುಂದೆ. ಮೂರು ಕಾರ್ಬನ್ ಹಾಕಿ ಹೊಡೆಯುವಾಗ ಒಂದು ಅಕ್ಷರ ತಪ್ಪಿದರೆ ನಾಲ್ಕು ಹಾಳೆಯಲ್ಲೂ ತಪ್ಪು. ಬೆರಳು ಇಳಿಯುವ ಮೊದಲೇ ಕಣ್ಣು ಇಳಿಯಬೇಕು. ಕೆ. ಅನಂತಸುಬ್ಬರಾಯರು ಟೈಪ್‌ರೈಟರಿಗೆ ಹೊಂದಿಸಿಕೊಟ್ಟ ಕೀಲಿಮಣೆಯಲ್ಲಿ ಪಳಗಿದ ಬೆರಳು ಕಂಪ್ಯೂಟರ್ ಬಂದಾಗ ಕೆ.ಪಿ. ರಾಯರ ಕೀಲಿಮಣೆಯನ್ನು ಹೊಸದಾಗಿ ಕಲಿಯಿತು. 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಅದರ ಹಿಂದೆ ಯೂನಿಕೋಡ್ ಬಂತು. ಹಳೆಯ ನುಡಿಯಲ್ಲಿ ಹೊಡೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಮಾಯವಾಗಿ, ಇಂಗ್ಲಿಷ್ ಅಕ್ಷರಗಳು ನೆತ್ತಿಯ ಮೇಲೆ ಗೆರೆ ಹೊತ್ತು, ನಡುನಡುವೆ ಪೌಂಡಿನ ಚಿಹ್ನೆ ಸಿಕ್ಕಿಸಿಕೊಂಡು ನಿಲ್ಲುತ್ತವೆ. ಆ ವೇಷದಲ್ಲೇ ಕನ್ನಡವನ್ನು ಓದಬಲ್ಲ ಕೆಲವೇ ಮಂದಿಯಲ್ಲಿ ಕಾಕಾ ಒಬ್ಬರು. ಯಂತ್ರ ಎಷ್ಟು ಸಲ ಬದಲಾದರೂ ‘ತಡೀರಿ’ ಮಾತ್ರ ಬದಲಾಗಲಿಲ್ಲ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಗುಂಜಿಯ ಹತ್ತಿರ ನಮ್ಮ ಅಜ್ಜನ ಹೆಸರಿನಲ್ಲಿ ಒಂದು ತುಂಡು ಭತ್ತದ ಗದ್ದೆ ಇದೆ. ವಾರಸಾ ಹಚ್ಚುವ ಅರ್ಜಿಯನ್ನು ಅದೇ ಸಂಜೆ ಕಚೇರಿಯೊಂದಕ್ಕೆ ಕೊಡಬೇಕಿತ್ತು. ಡಿಸೆಂಬರ್ ತಿಂಗಳು. ಅತ್ತ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾಗಿತ್ತು. ಅಧಿವೇಶನ ಎಂದರೆ ಬೆಳಗಾವಿಯಲ್ಲಿ ಮನವಿ ಬರೆಸುವವರ ಪಾಳಿ. ನಾನು ತಲೆ ಓಡಿಸಿ, ಹಿಂದೆ ನಮ್ಮ ಸೋದರಮಾವ ಎಲ್ಲೋ ಮಾಡಿಸಿದ್ದ ಅರ್ಜಿಯ ಕಡತವನ್ನೇ ವಾಟ್ಸಾಪಿನಲ್ಲಿ ತರಿಸಿಕೊಂಡಿದ್ದೆ. ಹೆಸರು, ತಾರೀಖು ಬದಲಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ ಎಂದು ನನ್ನ ಲೆಕ್ಕ.

ಕಾಕಾ ಕಡತ ತೆರೆದರು. ಕನ್ನಡಕ ಏರಿಸಿದರು. ಹೆಸರು ಬದಲಿಸಿದರು. ಪ್ರಿಂಟ್ ಒತ್ತುವ ಬೆರಳು ಅರ್ಧ ದಾರಿಯಲ್ಲಿ ನಿಂತಿತು.

“ತಡೀರಿ ಸರ.”

“ಯಾಕ್ರಿ ಕಾಕಾ?”

“ಇದು ಗುಂಜಿ ಅಲ್ರಿ.”

ನಾನು ಬಗ್ಗಿ ನೋಡಿದೆ. ಪರದೆಯ ಮೇಲೆ ಸಾಫ್ ಸೀದಾ ಗುಂಜಿ ಎಂದೇ ಇತ್ತು. “ಗುಂಜೀನ ಐತಲ್ರಿ!”

ಕಾಕಾ ಮಾತಾಡಲಿಲ್ಲ. ಸೊನ್ನೆ ಮತ್ತು ‘ಜಿ’ಯ ನಡುವೆ ಕರ್ಸರ್ ಇಟ್ಟು ಎಡಬಾಣದ ಗುಂಡಿಯನ್ನು ಒಮ್ಮೆ ಒತ್ತಿದರು. ಕರ್ಸರ್ ‘ಗು’ ಮತ್ತು ಸೊನ್ನೆಯ ನಡುವೆ ಹೋಗಿ ನಿಂತಿತು. “ನೋಡ್ರಿ, ಅನುಸ್ವಾರ ಆಗಿದ್ರ ಇಲ್ಲಿ ನಿಂದ್ರತಿರಲಿಲ್ಲ. ಅದು ಅಕ್ಷರಕ್ಕ ಅಂಟಿಕೊಂಡಿರತೈತಿ, ಕರ್ಸರ್ ಎರಡನ್ನೂ ಕೂಡೇ ಜಿಗೀತೈತಿ. ಇದು ಕನ್ನಡ ಅಂಕಿ ಪೂಜ್ಯ. ಯಾರೋ ಬೆರಳಿಗೆ ಸಿಕ್ಕಿದ್ದ ಒತ್ಯಾರ.”

ನಂಬಿಕೆ ಬಾರದ ನನಗೆ ಸಾಕ್ಷಿಯೂ ಸಿಕ್ಕಿತು. ಹುಡುಕುವ ಪೆಟ್ಟಿಗೆಯಲ್ಲಿ ಅವರು ತಮ್ಮ ಕೈಯಾರೆ ಗುಂಜಿ ಎಂದು ಹೊಡೆದರು. ಎರಡು ಪುಟದ ಅರ್ಜಿಯಲ್ಲಿ ಆ ಹೆಸರು ಕಣ್ಣಿಗೆ ರಾಚುವಷ್ಟು ಸಲ ಇದ್ದರೂ ಕಂಪ್ಯೂಟರ್ ‘ಸಿಗಲಿಲ್ಲ’ ಎಂದಿತು. ಅನುಸ್ವಾರವೂ ಸೊನ್ನೆಯೂ ನಮ್ಮ ಕಣ್ಣಿಗೆ ಅವಳಿಜವಳಿ. ಆದರೆ ಯೂನಿಕೋಡ್ ಎಂಬ ಊರಿನಲ್ಲಿ ಒಂದರ ಮನೆ ನಂಬರ್ 0ಸಿ82, ಇನ್ನೊಂದರದು 0ಸಿಇ6. ಕಾಕಾಗೆ ಎರಡೂ ನಂಬರ್ ಬಾಯಿಗೆ ಬರುತ್ತವೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಖಾನಾಪುರ ತಾಲೂಕಿನಲ್ಲಿ ಅನುಸ್ವಾರವಿರುವ ಊರುಗಳೇ ಸಾಲುಸಾಲು. ಲೋಂಡಾ, ಗುಂಜಿ, ಜಾಂಬೋಟಿ, ನಂದಗಡ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲೂ ಒಂದು. ಅರ್ಜಿಯೋ, ‘ಸಂಬಂಧ’, ‘ವಂಶವೃಕ್ಷ’, ‘ಹೊಂದಿರುವ’, ‘ಎಂದು ವಿನಂತಿ’ ಎಂಬ ಶಬ್ದಗಳಿಂದಲೇ ಬದುಕುವ ಪ್ರಾಣಿ. ಕಾಕಾ ಒಂದೊಂದಾಗಿ ಹಿಡಿದು ತಿದ್ದತೊಡಗಿದರು. “ಎಲ್ಲಾ ಒಮ್ಮೆಲೇ ಬದಲಿ ಮಾಡೂದು ಐತಲ್ರಿ ಕಾಕಾ, ರಿಪ್ಲೇಸ್ ಆಲ್?” ಎಂದೆ. ಅವರು ನನ್ನ ಕಡೆ ನೋಡಿದ ನೋಟ ಹೇಳಲಾರೆ. “ಸರ್ವೆ ನಂಬರಿನಾಗೂ ಕನ್ನಡ ಪೂಜ್ಯ ಐತ್ರಿ. ಅದೂ ಅನುಸ್ವಾರ ಆತಂದ್ರ ನಿಮ್ಮ ಗದ್ದಿ ಹೋತು.”

ರಿಪ್ಲೇಸ್ ಆಲ್ ಬಗ್ಗೆ ಅವರಿಗೆ ಹಳೆಯ ಸಿಟ್ಟು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಬೆಲ್ಗಾಮ್ ಹೋಗಿ ಬೆಳಗಾವಿ ಆದಾಗ ಸುತ್ತಲಿನ ಅಂಗಡಿಯವರು ಒಂದೇ ಏಟಿಗೆ ಎಲ್ಲ ಕಡತಗಳಲ್ಲೂ ಹೆಸರು ಬದಲಿಸಿ ಕೈ ತೊಳೆದುಕೊಂಡರಂತೆ. ಕಾಕಾ ಒಂದೊಂದನ್ನೂ ತೆರೆದು ನೋಡಿದರು. “ಊರಿನ ಹೆಸರು ಬದಲಾಗಿದ್ದು ಇವತ್ತ. 1985ರ ಖರೇದಿ ಪತ್ರದಾಗಿನ ಹೆಸರ ಹೆಂಗ ಬದಲಾಗತೈತ್ರಿ? ಅವಾಗ ಏನ ಇತ್ತೋ ಅದ ಇರಬೇಕು” ಎಂಬುದು ಅವರ ವಾದ. ಗಡಿನಾಡಿನ ಈ ಊರಲ್ಲಿ ಯಾವ ಫಲಕದ ಮೇಲೆ ಯಾವ ಭಾಷೆ ಇರಬೇಕೆಂದು ಜಗಳ ಎದ್ದಾಗಲೂ ಕಾಕಾ ಯಾರ ಪಕ್ಷಕ್ಕೂ ಸೇರಿದವರಲ್ಲ. ಲಗ್ನಪತ್ರಿಕೆಯನ್ನು ಕನ್ನಡದಲ್ಲೂ ಹೊಡೆದುಕೊಡುತ್ತಾರೆ, ಮರಾಠಿಯಲ್ಲೂ ಹೊಡೆದುಕೊಡುತ್ತಾರೆ. ಯಾವ ಭಾಷೆಯಾದರೂ ಇರಲಿ, ಮದುಮಗಳ ಹೆಸರು ತಪ್ಪಬಾರದು, ಅಷ್ಟೇ ಅವರ ರಾಜಕೀಯ.

ಅನುಸ್ವಾರ ಮುಗಿಯಿತು. ನನ್ನ ಎದೆ ಹಗುರಾಯಿತು. “ತಡೀರಿ” ಎಂದರು. ಉತಾರ, ಅಂದರೆ ಪಹಣಿ, ಕೇಳಿದರು. ಕೊಟ್ಟೆ. ಉತಾರದಲ್ಲಿ ಹಿಸ್ಸಾ ‘1ಅ’ ಇತ್ತು, ಅರ್ಜಿಯಲ್ಲಿ ‘1ಬ’ ಇತ್ತು. ಅದು ಮಾವನ ಪಾಲಿನದು. ಅದನ್ನೂ ತಿದ್ದಿದರು. ಆಮೇಲೆ ಎರಡು ಶಬ್ದಗಳ ನಡುವೆ ಎರಡೆರಡು ಸ್ಪೇಸ್ ಬಿದ್ದಲ್ಲೆಲ್ಲ ಒಂದೊಂದನ್ನು ತೆಗೆದರು. ಆಮೇಲೆ ಎರಡನೆಯ ಪುಟದ ಮೇಲೆ ಒಂಟಿಯಾಗಿ ಕೂತಿದ್ದ ‘ತಮ್ಮ ವಿಶ್ವಾಸಿ’ಯ ಜೊತೆಗೆ ಒಂದು ಸಾಲು ಕಳಿಸಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಕಚೇರಿಯ ಬಾಗಿಲು ಹಾಕಿತ್ತು. ಕಾಕಾನ ರೈಲೂ ಹೋಗಿತ್ತು. ಅವರಿಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ಪ್ರಿಂಟ್ ತೆಗೆದು, ಅಂಚು ಕುಟ್ಟಿ ಸಮ ಮಾಡಿ, ಎರಡು ಪುಟದ ದುಡ್ಡು ತೆಗೆದುಕೊಂಡರು. ನಾನು ಅವರಿಗೂ ಯೂನಿಕೋಡಿಗೂ ಮನಸ್ಸಿನಲ್ಲೇ ಬೈಯುತ್ತ ಮನೆಗೆ ಹೋದೆ.

ಮರುದಿನ ಅರ್ಜಿ ಕೊಟ್ಟೆ. ಅಲ್ಲಿದ್ದವರು ಓದಲಿಲ್ಲ, ತಲೆ ಕೂಡ ಎತ್ತಲಿಲ್ಲ. ಧಡಕ್ಕನೆ ಒಂದು ಶಿಕ್ಕಾ ಹೊಡೆದು ಗಂಟಿಗೆ ಸೇರಿಸಿದರು. ನನಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿರಲಿಲ್ಲ. ನೆಟ್ಟಗೆ ಕಾಕಾನ ಅಂಗಡಿಗೆ ಬಂದು, “ನೋಡ್ರಿ ಕಾಕಾ, ಅವರು ಒಂದ ಅಕ್ಷರ ನೋಡ್ಲಿಲ್ಲ. ನೀವು ಸಂಜೀತನಕ ಸೊನ್ನಿ ಹೆಕ್ಕಿದ್ರಿ” ಎಂದೆ.

ಕಾಕಾ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಇವತ್ತ ನೋಡಿಲ್ರಿ. ನಾಳೆ ಕಂಪ್ಯೂಟರಿನಾಗ ಏರಿಸ್ತಾರ. ಹತ್ತು-ಹದಿನೈದು ವರ್ಷಕ್ಕ ನಿಮ್ಮ ಮಗ ಬಂದು ಗುಂಜಿ ಅಂತ ಹುಡುಕ್ತಾನ. ಸಿಗಬೇಕಲ್ರಿ?”

ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಾವೆಲ್ಲ ಮಾಡುವಂತೆ ಚಾ ತರಿಸಿದೆ.

ಪಕ್ಕದ ಅಂಗಡಿಯ ಹುಡುಗ ಈಗ ಟೈಪೇ ಮಾಡುವುದಿಲ್ಲ. ಮೊಬೈಲಿಗೆ ಬಾಯಿಂದ ಹೇಳುತ್ತಾನೆ, ಎಐ ಮನವಿ ಬರೆಯುತ್ತದೆ. ಮೊನ್ನೆ ನಂದಗಡದ ರಸ್ತೆಯ ಬಗ್ಗೆ ಒಂದು ಮನವಿ ಮಾಡಿಸಿ, “ಕಾಕಾ, ಒಂದ ನಿಮಿಷದಾಗ ಆತು ನೋಡ್ರಿ” ಎಂದು ತಂದು ತೋರಿಸಿದ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಪುಣ್ಯಭೂಮಿ ಎಂದು ಶುರುವಾಗಿ, ಓದಿದರೆ ಶಾಸಕರ ಕಣ್ಣಲ್ಲಿ ನೀರು ಬರಬೇಕು, ಹಾಗಿತ್ತು ಭಾಷೆ. ಕಾಕಾ ಪೂರ್ತಿ ಓದಿದರು. “ಭಾಷಾ ಭಾಳ ಚೊಲೊ ಐತಿ ತಮ್ಮಾ. ನಂದಗಡ ಬೈಲಹೊಂಗಲ ತಾಲೂಕಿಗೆ ಯಾವಾಗ ಹೋತು?” ಎಂದರು. ರಾಯಣ್ಣನ ಸಂಗೊಳ್ಳಿ ಬೈಲಹೊಂಗಲ ತಾಲೂಕಿನದು. ಯಂತ್ರ ರಾಯಣ್ಣನ ಹಿಂದೆ ಹೋಗಿ ನಂದಗಡವನ್ನೂ ಅಲ್ಲಿಗೇ ಒಯ್ದಿತ್ತು. ಹುಡುಗ ನಕ್ಕು, ತಿದ್ದಿ, ಪ್ರಿಂಟ್ ಕೊಟ್ಟ. ಅವನ ಅಂಗಡಿಯ ಮುಂದೆ ಈಗ ಕಾಕಾನ ಅಂಗಡಿಗಿಂತ ಹೆಚ್ಚು ಗದ್ದಲ.

ಇದೇ ಊರಿನ ಉದ್ಯಮಬಾಗಕ್ಕೆ ಹೋಗಿ ನೋಡಿ. ಅಲ್ಲಿಯ ಹೈಡ್ರಾಲಿಕ್ ವಾಲ್ವ್ ಮಾಡುವ ಕಾರ್ಖಾನೆಗಳು ಮೈಕ್ರಾನ್ ಲೆಕ್ಕದ ಮೇಲೆ ಅನ್ನ ತಿನ್ನುತ್ತವೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಹೆಚ್ಚುಕಮ್ಮಿಯಾದರೆ ಮಾಲು ವಾಪಸು. ಅಲ್ಲಿ ‘ತಡೀರಿ’ ಎನ್ನುವವನಿಗೆ ಬಿಳಿ ಕೋಟು, ಟೇಬಲ್ಲು, ಸಂಬಳ ಮತ್ತು ‘ಕ್ವಾಲಿಟಿ’ ಎಂಬ ಬಿರುದು. ಅದೇ ಮಾತನ್ನು ಕಾಗದದ ಮುಂದೆ ಕೂತವನು ಆಡಿದರೆ ‘ಕಿರಿಕಿರಿ ಮನುಷ್ಯ’. ಕಬ್ಬಿಣದಲ್ಲಿ ಕೂದಲೆಳೆಯ ವ್ಯತ್ಯಾಸವನ್ನು ಸಹಿಸದ ನಾವು ಅಜ್ಜನ ಹೆಸರಿನಲ್ಲಿ ಹೊಳೆಯಷ್ಟು ವ್ಯತ್ಯಾಸವಿದ್ದರೂ ‘ನಡೀತೈತಿ ಬಿಡ್ರಿ’ ಎನ್ನುತ್ತೇವೆ. ಆಮೇಲೆ ಅದೇ ಹೆಸರನ್ನು ಸರಿಪಡಿಸಲು ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ, ಮತ್ತೊಂದು ಅರ್ಜಿ ಎಂದು ಅಲೆದು ಚಪ್ಪಲಿ ಸವೆಸುತ್ತೇವೆ.

ಕಾಕಾನ ಅಂಗಡಿಯ ಗೋಡೆಗೆ ಒಂದು ದರಪಟ್ಟಿ ಇದೆ. ಟೈಪಿಂಗ್, ಪ್ರಿಂಟ್, ಝೆರಾಕ್ಸ್, ಲ್ಯಾಮಿನೇಶನ್, ಸ್ಕ್ಯಾನ್, ಎಲ್ಲಕ್ಕೂ ದರ ಇದೆ. ನೋಡಿದ್ದಕ್ಕೆ ದರ ಇಲ್ಲ. ಅವರು ದಿನವಿಡೀ ಮಾಡುವ ಮುಖ್ಯ ಕೆಲಸ ಮಾತ್ರ ಅದೊಂದೇ. ದರ ಇಲ್ಲದ ಕೆಲಸವನ್ನು ಮಾಡುವವರು ಕಡಿಮೆಯಾಗುತ್ತ ಹೋಗುತ್ತಾರೆ. ಇದಕ್ಕೆ ಯಂತ್ರವನ್ನು ಬೈದು ಉಪಯೋಗವಿಲ್ಲ. ಅದು ಕೇಳಿದ್ದನ್ನು ಕೊಡುತ್ತದೆ, ನಾವು ಕೇಳುತ್ತಿರುವುದು ‘ಲಗೂ’ ಒಂದನ್ನೇ.

ಆದ್ದರಿಂದ ಒಂದು ವಿನಂತಿ. ನಿಮ್ಮ ಊರಿನ ಕೋರ್ಟಿನ ಎದುರೂ ಒಬ್ಬ ತಡೀರಿ ಕಾಕಾ ಇರುತ್ತಾರೆ. ಅವರ ಹತ್ತಿರ ಕೊನೆಯ ದಿನ ಹೋಗಬೇಡಿ, ಒಂದು ದಿನ ಮುಂಚೆ ಹೋಗಿ. ಉತಾರದ ಪ್ರತಿ ಒಯ್ಯಿರಿ. ಸಹಿ ಮಾಡುವ ಮೊದಲು ಊರು, ತಾಲೂಕು, ಸರ್ವೆ ನಂಬರು, ಹಿಸ್ಸಾ ನೀವೂ ಒಮ್ಮೆ ಬೆರಳಿಟ್ಟು ಓದಿ. ಪುಟದ ದುಡ್ಡಿನ ಮೇಲೆ ನೋಡಿದ್ದಕ್ಕೂ ನಾಲ್ಕು ಕಾಸು ಕೊಡಿ. ತಗೊಳ್ಳುವುದಿಲ್ಲ ಅಂದರೆ ಚಾ ಕುಡಿಸಿ. ಅವರು ‘ತಡೀರಿ’ ಅಂದಾಗ ಸುಮ್ಮನೆ ತಡೆಯಿರಿ.