ಮೊಸರಿನದೇನು ತಪ್ಪು?

ಮಂಗಳೂರಿನ ಸೆಕೆಗೆ ಏಸಿ ಹಾಕಿದ ಐದೇ ನಿಮಿಷಕ್ಕೆ ನಮ್ಮಲ್ಲಿ ಸೀನಿನ ಮೇಳ ಶುರು. ಅಪ್ಪನದು ಭಾಗವತಿಕೆ, ಮಗನದು ಚೆಂಡೆ. ಅಜ್ಜಿಯ ತೀರ್ಪು ಸಿದ್ಧ: "ರಾತ್ರಿ ಮೊಸರು ಬೇಡ ಅಂದೆ, ಕೇಳಿದ್ರಾ?" ಪಾಪ, ಮೊಸರು! ನಿಜವಾದ ಅಪರಾಧಿ ಗೋಡೆಯ ಮೇಲೆ ಹಾಯಾಗಿ ಕೂತಿರುತ್ತಾನೆ.

ಗಾಳಿ ತಂಪಾಗುವಾಗ ಅದರೊಳಗಿನ ನೀರಾವಿ ಏಸಿಯ ಕಾಯಿಲ್ ಮೇಲೆ ಹನಿಗಟ್ಟಿ ಟ್ರೇಗೆ ಇಳಿಯುತ್ತದೆ. ಕತ್ತಲೆ, ತೇವ, ಜೊತೆಗೆ ದೂಳಿನ ಊಟ. ಬೂಷ್ಟಿಗೆ ಇನ್ನೇನು ಬೇಕು? ಕರೆಂಟ್ ಬಿಲ್ ಕಟ್ಟುವವರೂ ನಾವೇ. ಗಾಳಿ ಬೀಸಿದೊಡನೆ ಅದರ ಬೀಜಕಣಗಳು ನೇರ ಮೂಗಿಗೆ. ತಮಾಷೆಯೆಂದರೆ, 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಈ ಯಂತ್ರದ ಪೂರ್ವಜನನ್ನು ರೂಪಿಸಿದ್ದೇ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ತೇವ ಹತೋಟಿಗೆ! ಕಾಗದ ಬಚಾವಾಯಿತು, ನಮ್ಮ ಮೂಗು ಸಿಕ್ಕಿಬಿತ್ತು.

ಮುಗ್ಗಲು ವಾಸನೆಗೆ ಅಗರಬತ್ತಿ ಹಚ್ಚುವ ಜಾಣರಿದ್ದಾರೆ; ಅಲರ್ಜಿಯವರಿಗೆ ಆ ಹೊಗೆ ಇನ್ನೊಂದು ಕಾಟ. ಅದರ ಬದಲು ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿ. ಏಸಿ ಆರಿಸುವ ಮೊದಲು ಸ್ವಲ್ಪ ಹೊತ್ತು ಬರೀ ಫ್ಯಾನ್ ಓಡಿಸಿ, ಕಾಯಿಲ್ ಆರಲಿ. ಒಳಗೆ ಕಪ್ಪು ಕಂಡರೆ ಸರ್ವಿಸಿನವರನ್ನು ಕರೆಸಿ. ಆಮೇಲೂ ಕೆಮ್ಮು, ಉಬ್ಬಸ ಬಿಡದಿದ್ದರೆ ಮೆಕ್ಯಾನಿಕ್ ಸಾಲದು, ಡಾಕ್ಟರೇ ಬೇಕು.